ಕಂಬದ ಹಿಂದಿನ ಸೀಟು

(ಶಿವಮೊಗ್ಗದಲ್ಲಿ ಗೆಳೆಯರು ಸೇರಿಸಿದ್ದ ಒಂದು ಸಂಜೆಯ ಸಭೆಯಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಕರೆಂಟು ಹೋದಾಗ ಆಡಿದ ಮಾತನ್ನೂ, ಕೊನೆಗೆ ಬಂದ ಪ್ರಶ್ನೆಗಳನ್ನೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಳೆಯ ಕಟ್ಟಡದ ಬಗ್ಗೆ ಮಾತಾಡಿ ಅಂತ ಇವರು ಫೋನ್ ಮಾಡಿದ್ದರು. ನಾನು ಶಿವಪ್ಪ ನಾಯಕನ ಅರಮನೆಯ ಬಗ್ಗೆಯೋ ಇಕ್ಕೇರಿ ದೇವಸ್ಥಾನದ ಬಗ್ಗೆಯೋ ಹೇಳುತ್ತೇನೆ ಅಂತ ಅವರ ಲೆಕ್ಕ. ಇಂಗ್ಲೆಂಡಿನ ಒಂದು ಫುಟ್‌ಬಾಲ್ ಸ್ಟೇಡಿಯಂ ಬಗ್ಗೆ ಮಾತಾಡ್ತೀನಿ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ "ಆಗ್ಲಿ ಬಿಡಿ ಸರ್, ಕಾಫಿ ವ್ಯವಸ್ಥೆ ಇದೆ, ಜನ ಬರ್ತಾರೆ" ಅಂದರು. ಈ ಮಳೆಯಲ್ಲೂ ಬಂದಿದ್ದೀರಿ. ಕಾಫಿಗೋ ಫುಟ್‌ಬಾಲಿಗೋ ಕೇಳುವುದಿಲ್ಲ.

ನಾನು ಆಟಗಾರನಲ್ಲ. 35 ವರ್ಷ ಕಟ್ಟಡದ ಕೆಲಸದಲ್ಲಿ ಇದ್ದವನು. ತೊಲೆ, ಜಂತೆ, ಕಂಬ, ಮಾಡು, ಇದೇ ನನ್ನ ಲೋಕ. ನಮ್ಮ ಮಗಳು ಮ್ಯಾಂಚೆಸ್ಟರಿನಲ್ಲಿದ್ದಾಳೆ. ಕೆಲವು ವರ್ಷದ ಹಿಂದೆ ನಾನು, ನಮ್ಮ ಮನೆಯವರು ಹೋಗಿದ್ದೆವು. ಅಳಿಯನಿಗೆ ಫುಟ್‌ಬಾಲ್ ಹುಚ್ಚು. ಒಂದು ಶನಿವಾರ ಪಕ್ಕದ ಲಿವರ್‌ಪೂಲಿಗೆ ಕರೆದುಕೊಂಡು ಹೋದ. ಅಲ್ಲಿ ಎವರ್ಟನ್ ಅನ್ನುವ ಕ್ಲಬ್ಬಿನ ಗುಡಿಸನ್ ಪಾರ್ಕ್ ಸ್ಟೇಡಿಯಂ ಇದೆ. ಸಾಲು ಮನೆಗಳ ಸಣ್ಣ ಬೀದಿಯಲ್ಲಿ ನಡೆದುಕೊಂಡು ಹೋಗುತ್ತಿದ್ದೆವು. ಒಂದು ಮನೆಯ ಹೊಗೆಗೂಡು ಮುಗಿಯುವಲ್ಲಿ ಸ್ಟೇಡಿಯಂನ ಗೋಡೆ ಶುರು. ನಡುವೆ ದೊಡ್ಡ ಬಯಲಾಗಲಿ ಪಾರ್ಕಿಂಗ್ ಆಗಲಿ ಇಲ್ಲ. ನಮ್ಮ ಅಗ್ರಹಾರದ ಬೀದಿಯ ಕೊನೆಗೆ ದೇವಸ್ಥಾನ ನಿಂತಿರುತ್ತದಲ್ಲ, ಹಾಗೆ.

ಒಳಗೆ ಹೋಗಿ ಕೂತರೆ ಎದುರಿಗೆ ಒಂದು ಕಬ್ಬಿಣದ ಕಂಬ. ಒಂದು ಕಡೆಯ ಗೋಲು ಅರ್ಧ ಕಾಣಿಸುತ್ತದೆ, ಅರ್ಧ ಇಲ್ಲ. ಕೂತಿದ್ದು ಮರದ ಸೀಟು, ಎದ್ದರೆ ಟಪ್ ಅಂತ ಮಡಚಿಕೊಳ್ಳುತ್ತದೆ. ಅಳಿಯ ಪೇಚಾಡಿಕೊಂಡ. "ಮಾವ, ಕಡಿಮೆ ರೇಟಿನ ಟಿಕೆಟ್ ಇದೊಂದೇ ಸಿಕ್ತು" ಅಂದ. ಟೂರಿಂಗ್ ಟಾಕೀಸಿನಲ್ಲಿ ಕಂಬದ ಹಿಂದೆ ಕೂತು ಸಿನಿಮಾ ನೋಡಿದವನಿಗೆ ಇದೇನು ದೊಡ್ಡದು? ನಿಜ ಹೇಳಬೇಕು ಅಂದರೆ ಆಟಕ್ಕಿಂತ ಜಾಸ್ತಿ ನಾನು ಆ ಕಂಬವನ್ನೇ ನೋಡಿದೆ. ಬಣ್ಣದ ಮೇಲೆ ಬಣ್ಣ ಬಳಿದು ಬಳಿದು ದಪ್ಪಗಾಗಿತ್ತು. ಈ ಕಂಬ ಇಲ್ಲಿಗೆ ಯಾಕೆ ಬಂತು? ಆ ಒಂದು ಪ್ರಶ್ನೆ ಹಿಡಿದುಕೊಂಡು ಮನೆಗೆ ಬಂದವನು ವರ್ಷಗಟ್ಟಲೆ ಓದಿದೆ. ಇವತ್ತು ಹೇಳುವುದು ಅದನ್ನೇ.

ಕಥೆ ಶುರುವಾಗುವುದು ಬಾಡಿಗೆ ಜಗಳದಿಂದ. 1878ರಲ್ಲಿ ಸೇಂಟ್ ಡೊಮಿಂಗೊ ಅನ್ನುವ ಚರ್ಚಿನ ಹುಡುಗರು ಒಂದು ಟೀಮು ಕಟ್ಟಿದರು. ಮರು ವರ್ಷ ಅದಕ್ಕೆ ಎವರ್ಟನ್ ಅಂತ ಹೆಸರಾಯಿತು. 1884ರಿಂದ ಅವರು ಆಡುತ್ತಿದ್ದದ್ದು ಆ್ಯನ್‌ಫೀಲ್ಡ್ ಮೈದಾನದಲ್ಲಿ. ಫುಟ್‌ಬಾಲ್ ನೋಡುವ ಮಕ್ಕಳು ಇಲ್ಲಿ ನಗುತ್ತಿದ್ದಾರೆ, ಅವರಿಗೆ ಗೊತ್ತು. ಅದು ಈಗ ಲಿವರ್‌ಪೂಲ್ ಕ್ಲಬ್ಬಿನ ಮೈದಾನ. ಮೊದಲು ಅಲ್ಲಿ ಒಕ್ಕಲಿದ್ದವರು ಎವರ್ಟನ್ನಿನವರು. ಮಾಲೀಕ ಜಾನ್ ಹೋಲ್ಡಿಂಗ್, ಬಿಯರ್ ತಯಾರಿಸುವ ಸಾಹುಕಾರ. ಕ್ಲಬ್ಬು ಹೆಸರು ಮಾಡುತ್ತಾ ಹೋದ ಹಾಗೆ ಬಾಡಿಗೆಯೂ ಏರಿತು. ಕೊನೆಗೆ 1892ರಲ್ಲಿ ಜಗಳ ಹರಿಯಲಿಲ್ಲ. ಕ್ಲಬ್ಬಿನವರು ಗಂಟುಮೂಟೆ ಕಟ್ಟಿದರು. ಖಾಲಿ ಮೈದಾನ ಇಟ್ಟುಕೊಂಡು ಹೋಲ್ಡಿಂಗ್ ಏನು ಮಾಡಬೇಕು? ಇನ್ನೊಂದು ಟೀಮು ಕಟ್ಟಿದ. ಅದೇ ಲಿವರ್‌ಪೂಲ್. ಎರಡು ಮೈದಾನಗಳ ನಡುವೆ ಒಂದು ಪಾರ್ಕು ಅಷ್ಟೇ ಅಡ್ಡ. ದಾಯಾದಿಗಳು ಜಗಳ ಆಡಿ ಪಕ್ಕದಲ್ಲೇ ಬೇರೆ ಮನೆ ಕಟ್ಟಿಕೊಂಡ ಹಾಗೆ.

ಹೊರಟವರ ಮುಂದಾಳು ಜಾರ್ಜ್ ಮಹೋನ್. ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಲೆಕ್ಕಪತ್ರದ ಮನುಷ್ಯ. ಡಾಕ್ಟರ್ ಬ್ಯಾಕ್ಸ್‌ಟರ್ ಅನ್ನುವವರು ಬಡ್ಡಿ ಇಲ್ಲದೆ 1,000 ಪೌಂಡ್ ಕೊಟ್ಟರು. ಹಾಳು ಬಿದ್ದಿದ್ದ ಒಂದು ಬಯಲನ್ನು 8,090 ಪೌಂಡಿಗೆ ಕೊಂಡರು. ಬಾಡಿಗೆಯ ಸಹವಾಸ ಬೇಡ, ಸ್ವಂತದ್ದೇ ಇರಲಿ ಅಂತ. ಒಮ್ಮೆ ಬಾಡಿಗೆ ಮನೆಯಿಂದ ಏಳಿಸಿಕೊಂಡವರು ಎರಡನೇ ಸಲ ಸೈಟು ಹುಡುಕುವುದು ಹಾಗೇ ಅಲ್ವಾ.

1892ರ ಆಗಸ್ಟ್ 24ರಂದು ಉದ್ಘಾಟನೆ. ಅವತ್ತು ಫುಟ್‌ಬಾಲೇ ಇರಲಿಲ್ಲ. ಓಟದ ಪಂದ್ಯ, ಬ್ಯಾಂಡು, ಪಟಾಕಿ. ಮೊದಲ ಫುಟ್‌ಬಾಲ್ ಆಟ ಸೆಪ್ಟೆಂಬರ್ 2ಕ್ಕೆ, ಬೋಲ್ಟನ್ ತಂಡದ ಮೇಲೆ. ಎವರ್ಟನ್ 4-2ರಿಂದ ಗೆದ್ದಿತು. ಆಗ ಇದ್ದದ್ದು ಮರದ ಸ್ಟ್ಯಾಂಡುಗಳು, ಅಂದರೆ ಆಟ ನೋಡುವವರ ಗ್ಯಾಲರಿಗಳು. ಫುಟ್‌ಬಾಲಿಗೆಂದೇ ಕಟ್ಟಿದ ದೊಡ್ಡ ಸ್ಟೇಡಿಯಂಗಳಲ್ಲಿ ಇಂಗ್ಲೆಂಡಿಗೆ ಇದೇ ಮೊದಲನೆಯದು ಅಂತ ಹೇಳುತ್ತಾರೆ.

ಇನ್ನೂ ನನ್ನ ಕಂಬ ಬಂದಿಲ್ಲ. ಕಂಬ ತಂದವನು ಬೇರೆ. ಅವನಿಗಾಗಿ ಸ್ವಲ್ಪ ಉತ್ತರಕ್ಕೆ, ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿಗೆ ಹೋಗಬೇಕು.

ಆರ್ಚಿಬಾಲ್ಡ್ ಲೀಚ್. ಹುಟ್ಟಿದ್ದು 1865, ತೀರಿಕೊಂಡದ್ದು 1939. ಹಡಗಿನ ಎಂಜಿನಿಯರಿಂಗ್ ಕಲಿತು, ಆಮೇಲೆ ಕಾರ್ಖಾನೆ ಕಟ್ಟಡಗಳ ನಕ್ಷೆ ಬರೆಯುತ್ತಿದ್ದ. ಎಲ್ಲೆಲ್ಲಿ ಕಟ್ಟಿಸಿದ ಗೊತ್ತಾ? ಸಿಲೋನಿನಲ್ಲಿ ಟೀ ಫ್ಯಾಕ್ಟರಿ! ಇದನ್ನು ಓದಿದಾಗ ನನಗೆ ಆತ ನಮ್ಮವನೇ ಅನ್ನಿಸಿಬಿಟ್ಟ. ಬೆಟ್ಟದ ಊರಿನ ಟೀ ಫ್ಯಾಕ್ಟರಿ ಹೇಗಿರುತ್ತದೆ? ಸಾಲಾಗಿ ತೆಳ್ಳನೆ ಕಬ್ಬಿಣದ ಕಂಬ, ಮೇಲೆ ಅಟ್ಟ, ಅದರ ಮೇಲೆ ತಗಡಿನ ಮಾಡು. ಗಾಳಿ ಆಡಬೇಕು, ಮಳೆ ಒಳಗೆ ಬರಬಾರದು, ಖರ್ಚು ಕಡಿಮೆ ಇರಬೇಕು. ಆ ಫ್ಯಾಕ್ಟರಿಯ ಒಂದು ಬದಿಯ ಗೋಡೆ ತೆಗೆದುಬಿಡಿ. ಒಳಗೆ ಎಲೆ ಹರಡುವ ಜಾಗದಲ್ಲಿ ಬೆಂಚು ಹಾಕಿ. ಆಯ್ತಲ್ಲ, ಅದೇ ಫುಟ್‌ಬಾಲ್ ಸ್ಟ್ಯಾಂಡ್. ಲೀಚ್ ಮಾಡಿದ್ದು ಹೆಚ್ಚು ಕಡಿಮೆ ಇದನ್ನೇ. ಅಲಂಕಾರ ಮಾಡುವ ವಾಸ್ತುಶಿಲ್ಪಿಗಳ ಸಾಲಿನಲ್ಲಿ ಅವನನ್ನು ಯಾರೂ ಕೂರಿಸಲಿಲ್ಲ. ಶೆಡ್ಡು ಕಟ್ಟುವವನು ಅಂತಲೇ ಬಗೆದರು.

ಅವನ ಮೊದಲ ದೊಡ್ಡ ಸ್ಟೇಡಿಯಂ ಗ್ಲಾಸ್ಗೋದ ಐಬ್ರಾಕ್ಸ್, ರೇಂಜರ್ಸ್ ಕ್ಲಬ್ಬಿನದು. ಅವನೂ ಆ ಕ್ಲಬ್ಬಿನ ಅಭಿಮಾನಿ. ಅಲ್ಲಿ ಜನ ನಿಲ್ಲುವುದಕ್ಕೆ ಕಬ್ಬಿಣದ ಚೌಕಟ್ಟು ಎಬ್ಬಿಸಿ, ಮೇಲೆ ಮರದ ಜಂತೆ ಹಾಯಿಸಿ, ಹಲಗೆ ಬಡಿದ. ಹಿಂದಿನ ಸಾಲಿನವರು ನೆಲದಿಂದ ಸುಮಾರು 40 ಅಡಿ ಮೇಲೆ.

ಇಲ್ಲಿ ನನ್ನ ಮೊಣಕೈ ತೋರಿಸಬೇಕು. (ತೋರಿಸಿದೆ.) ಇದು ಪೂರ್ತಿ ನೆಟ್ಟಗಾಗುವುದಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರ ಹತ್ತಿರ ವಾಲಿಬಾಲ್ ಪಂದ್ಯಾವಳಿ ನಡೆಯಿತು. ಅಡಿಕೆ ಮರದ ಕಂಬ ಹುಗಿದು, ಅಡ್ಡಕ್ಕೆ ದಬ್ಬೆ ಇಟ್ಟು, ಹಗ್ಗ ಬಿಗಿದು ಗ್ಯಾಲರಿ ಕಟ್ಟಿದ್ದರು. ನೀವೆಲ್ಲ ಅಂಥದ್ದರ ಮೇಲೆ ಕೂತವರೇ. ಫೈನಲ್ ದಿನ ಮಧ್ಯಾಹ್ನ ಒಂದು ಹದ ಮಳೆ. ರಾತ್ರಿ ಕೊನೆಯ ಪಾಯಿಂಟಿಗೆ ಜನ ಎದ್ದು ಕುಣಿದರು. ಕಾಲ ಕೆಳಗಿನ ದಬ್ಬೆ ಸರ್ರನೆ ಜಾರಿದ್ದು ನೆನಪಿದೆ, ಆಮೇಲಿನದು ಇಲ್ಲ. ಯಾರ ಜೀವಕ್ಕೂ ತೊಂದರೆ ಆಗಲಿಲ್ಲ. ನಮ್ಮದು ಏಳೆಂಟು ಅಡಿ ಎತ್ತರ ಇತ್ತು ಅಷ್ಟೇ.

ಐಬ್ರಾಕ್ಸಿನಲ್ಲಿ 1902ರ ಏಪ್ರಿಲ್ 5. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಆಟ. ಹಿಂದಿನ ರಾತ್ರಿ ಜೋರು ಮಳೆ ಬಂದಿತ್ತು. ಮೈದಾನ ಕಿಕ್ಕಿರಿದಿತ್ತು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಪಶ್ಚಿಮದ ಕಡೆ ಮೇಲಿನ ಸಾಲುಗಳ ಹಲಗೆ ಮುರಿದು ದೊಡ್ಡ ಬಾಯಿ ತೆರೆಯಿತು. ಜನ ಅದರೊಳಗೆ ಕಬ್ಬಿಣದ ಚೌಕಟ್ಟಿನ ನಡುವೆ ಉದುರಿದರು. 25 ಜನ ಸತ್ತರು. 500ಕ್ಕೂ ಹೆಚ್ಚು ಜನಕ್ಕೆ ಪೆಟ್ಟಾಯಿತು. ಇನ್ನೂ ವಿಚಿತ್ರ ಅಂದರೆ ಸ್ವಲ್ಪ ಹೊತ್ತು ನಿಲ್ಲಿಸಿ ಆಟ ಮುಂದುವರಿಸಿದರು. ಅಷ್ಟು ಜನ ಒಟ್ಟಿಗೆ ಗಾಬರಿಬಿದ್ದು ಓಡಿದರೆ ಇನ್ನಷ್ಟು ಸಾವಾದೀತು ಅಂತ ಹೆದರಿಕೆ.

ತನಿಖೆಯಲ್ಲಿ ಮರದ ಮಾತು ಬಂತು. ಕೆಂಪು ಪೈನ್ ಹಾಕುವ ಕಡೆ ಅದಕ್ಕಿಂತ ಅಗ್ಗದ ಹಳದಿ ಪೈನ್ ಹಾಕಿದ್ದಾರೆ ಅಂತ. ಮರ ಒದಗಿಸಿದ ವ್ಯಾಪಾರಿಯ ಮೇಲೆ ಕೇಸಾಯಿತು. ಆತ ತಪ್ಪಿತಸ್ಥ ಅಲ್ಲ ಅಂತ ತೀರ್ಪು ಬಂತು. ಮಲೆನಾಡಿನವರಿಗೆ ಈ ಕೇಸನ್ನು ಬಿಡಿಸಿ ಹೇಳಬೇಕಾಗಿಲ್ಲ. ತೇಗ ಅಂತ ರೇಟು ಹೇಳಿ ಯಾವುದೋ ಕಾಡುಮರ ಸಾಗಹಾಕಿದ ನಾಟಾ ವ್ಯಾಪಾರಿಯ ಕಥೆ ಇಲ್ಲಿ ಮನೆಗೊಂದು ಇದೆ. ಎಣ್ಣೆ ಬಳಿದರೆ ಎಲ್ಲ ಮರವೂ ಒಂದೇ ಥರ ಕಾಣುತ್ತದೆ.

(ಇಲ್ಲಿ ಕರೆಂಟು ಹೋಯಿತು. ಪ್ರೊಜೆಕ್ಟರ್ ಆರಿತು. ಚಿತ್ರ ಇಲ್ಲದೆ ಮುಂದಿನದನ್ನು ಹೇಳಿದೆ.)

ಪರವಾಗಿಲ್ಲ, ಮುಂದಿನದಕ್ಕೆ ಚಿತ್ರ ಬೇಡ. ಲೀಚ್ ಏನು ಮಾಡಿದ ಅನ್ನುವುದು ಮುಖ್ಯ. ಬೇರೆಯವರಾಗಿದ್ದರೆ ಊರು ಬಿಡುತ್ತಿದ್ದರು. ಆತ ಕ್ಲಬ್ಬಿಗೆ ಪತ್ರ ಬರೆದು, ಮತ್ತೆ ಕಟ್ಟುವ ಕೆಲಸ ನನಗೇ ಕೊಡಿ ಅಂತ ಬೇಡಿಕೊಂಡ. ಕೊಟ್ಟರು! ನಾನು ಆ ಕಮಿಟಿಯಲ್ಲಿ ಇದ್ದಿದ್ದರೆ ಕೊಡುತ್ತಿರಲಿಲ್ಲ, ಖಂಡಿತ. ಆದರೆ ಕೊಟ್ಟದ್ದು ಒಳ್ಳೆಯದಾಯಿತು. ಕಟ್ಟಿದ್ದು ಬಿದ್ದರೆ ಹೇಗಿರುತ್ತದೆ ಅಂತ ಅವನಷ್ಟು ಚೆನ್ನಾಗಿ ಗೊತ್ತಿದ್ದವರು ಬೇರೆ ಯಾರೂ ಇರಲಿಲ್ಲ.

ಅಲ್ಲಿಂದ ಮುಂದೆ ಆತ ಜನರನ್ನು ಗಾಳಿಯಲ್ಲಿ ನಿಲ್ಲಿಸಲಿಲ್ಲ. ಮಣ್ಣಿನ ದಿಬ್ಬ ಹಾಕಿ, ಅದಕ್ಕೆ ಮೆಟ್ಟಿಲು ಕಡಿದು, ಅದರ ಮೇಲೆ ನಿಲ್ಲಿಸಿದ. ನಮ್ಮ ಕಡೆ ಗುಡ್ಡದ ಇಳಿಜಾರಿನಲ್ಲಿ ಕೂತು ಯಕ್ಷಗಾನ ನೋಡುವುದಿಲ್ಲವೇ, ಅದೇ ಉಪಾಯ. ಮಣ್ಣು ಮುರಿಯುವುದಿಲ್ಲ. ಇನ್ನೊಂದು ಅಪಾಯ ಇತ್ತು. ಹಿಂದಿನವರು ನೂಕಿದರೆ ಆ ಒತ್ತಡ ಮುಂದಿನ ಸಾಲಿಗೆ ಬರುವಷ್ಟರಲ್ಲಿ ಎದೆ ಒಡೆಯುವಷ್ಟು ಆಗುತ್ತದೆ. ಅದಕ್ಕೆ ನಡುನಡುವೆ ಸೊಂಟದೆತ್ತರದ ಕಬ್ಬಿಣದ ತಡೆ ನೆಟ್ಟ. ಗದ್ದೆಗೆ ಬದು ಹಾಕಿ ನೀರಿನ ರಭಸ ಮುರಿಯುತ್ತೇವಲ್ಲ, ಹಾಗೆ ಜನದ ರಭಸ ಮುರಿಯಲು. ಆ ತಡೆಗೆ ಪೇಟೆಂಟನ್ನೂ ತೆಗೆದುಕೊಂಡ. ಮುಂದಿನ ವರ್ಷಗಳಲ್ಲಿ ಬ್ರಿಟನ್ನಿನ ಇಪ್ಪತ್ತಕ್ಕೂ ಹೆಚ್ಚು ಸ್ಟೇಡಿಯಂಗಳಲ್ಲಿ ಲೀಚನ ಕೈ ಆಡಿತು. ಓಲ್ಡ್ ಟ್ರ್ಯಾಫರ್ಡ್, ಆ್ಯನ್‌ಫೀಲ್ಡ್, ಹೈಬರಿ, ಹೀಗೆ ನೀವು ಟೀವಿಯಲ್ಲಿ ಕೇಳಿದ ಎಷ್ಟೋ ಹೆಸರು ಅದರಲ್ಲಿವೆ. ಲಂಡನ್ನಿನ ಕ್ರೇವನ್ ಕಾಟೇಜಿನಲ್ಲಿ 1905ರಲ್ಲಿ ಕಟ್ಟಿದ ಇಟ್ಟಿಗೆಯ ಸ್ಟ್ಯಾಂಡು ಇವತ್ತಿಗೂ ನಿಂತಿದೆ. ಅದನ್ನು ಕೆಡವುವ ಹಾಗಿಲ್ಲ ಅಂತ ಸರ್ಕಾರದ ರಕ್ಷಣೆ ಇದೆ.

ಗುಡಿಸನ್ನಿಗೆ ಆತ ಬಂದದ್ದು 1909ರಲ್ಲಿ. ಎರಡು ಅಂತಸ್ತಿನ ದೊಡ್ಡ ಸ್ಟ್ಯಾಂಡು ಎಬ್ಬಿಸಿದ. ಬೀದಿಯ ಸಣ್ಣ ಮನೆಗಳ ಮೇಲೆ ಅದು ಎಷ್ಟು ಎತ್ತರ ಕಂಡಿತು ಅಂದರೆ ಜನ ಅದಕ್ಕೆ ಮಾರಿಟೇನಿಯಾ ಅಂತ ಅಡ್ಡಹೆಸರಿಟ್ಟರು. ಆ ಕಾಲಕ್ಕೆ ಲಿವರ್‌ಪೂಲ್ ಬಂದರಿನ ಅತಿ ದೊಡ್ಡ ಹಡಗಿನ ಹೆಸರು ಅದು. ಹಡಗಿನ ಎಂಜಿನಿಯರು ಕಟ್ಟಿದ್ದಕ್ಕೆ ಹಡಗಿನ ಹೆಸರು, ಸರಿಯಾಗೇ ಇದೆ.

ನಾನು ಕೂತಿದ್ದು ಅದರ ಎದುರಿನ ಬುಲೆನ್ಸ್ ರೋಡ್ ಸ್ಟ್ಯಾಂಡಿನಲ್ಲಿ, 1926ರದ್ದು. ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉರಿ ಹಚ್ಚಿದ್ದು 1923ರಲ್ಲಿ ಅನ್ನುವುದನ್ನು ನೆನಪಿಟ್ಟುಕೊಂಡರೆ ಕಾಲ ಅಂದಾಜಾಗುತ್ತದೆ. ಈಗ ಕಂಬಕ್ಕೆ ಬರೋಣ.

ಮಾಡು ನಿಲ್ಲಿಸಲು ಎರಡು ದಾರಿ. ಒಂದು, ಮುಂದೆ ಕಂಬ ಕೊಡುವುದು. ಇನ್ನೊಂದು, ಹಿಂದಿನಿಂದಲೇ ಹಿಡಿದು ಮುಂದಕ್ಕೆ ಚಾಚುವುದು, ನಮ್ಮ ಕಿಟಕಿಯ ಮೇಲಿನ ಸಜ್ಜಾದ ಹಾಗೆ. ಎರಡು ಅಡಿ ಸಜ್ಜಾ ಸುಲಭ. ಅದನ್ನೇ ನೂರಡಿ ಚಾಚಬೇಕು ಅಂದರೆ ಹಿಂದೆ ಆನೆಯಂಥ ಭಾರ ಕಟ್ಟಬೇಕು, ಕಬ್ಬಿಣ ಬೆಟ್ಟದಷ್ಟು ಬೇಕು. ಕಂಬ ಕೊಟ್ಟರೆ ತೊಲೆ ತೆಳುವಾಗುತ್ತದೆ, ಖರ್ಚು ಇಳಿಯುತ್ತದೆ. ಕಂಬದ ಹಿಂದಿನ ಕೆಲವರಿಗೆ ಗೋಲು ಕಾಣುವುದಿಲ್ಲ. ಆದರೆ ಸಾವಿರಾರು ಜನಕ್ಕೆ ನೆತ್ತಿಯ ಮೇಲೆ ಮಾಡು ಬರುತ್ತದೆ. ಎರಚಲು ಮಳೆಯಲ್ಲಿ ಎರಡು ತಾಸು ನೆನೆದವರನ್ನು ಕೇಳಿ, ಯಾವುದು ಬೇಕು ಅಂತ. ಇದು ನ್ಯಾಯವೋ ಅನ್ಯಾಯವೋ ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ಅವತ್ತಿನ ದುಡ್ಡು, ಅವತ್ತಿನ ಮಳೆ ನೋಡಿದರೆ ನಾನೂ ಕಂಬವನ್ನೇ ಕೊಡುತ್ತಿದ್ದೆ.

ಇನ್ನು ಲೀಚನ ಸಹಿ. ಮೇಲಂತಸ್ತಿನ ಮುಂದಿನ ಅಂಚಿಗೆ ಉದ್ದಕ್ಕೂ ಕಬ್ಬಿಣದ ಪಟ್ಟಿಗಳನ್ನು ಕತ್ತರಿ ಕತ್ತರಿಯಾಗಿ ಜೋಡಿಸಿದ್ದಾನೆ. ದೂರದಿಂದ ನೋಡಿದರೆ ರಂಗೋಲಿಯ ಎಳೆ ಹಾಗೆ ಕಾಣುತ್ತದೆ. ಅಂದಕ್ಕೆ ಮಾಡಿದ್ದು ಅಂತ ಎಷ್ಟೋ ಜನ ತಿಳಿಯುತ್ತಾರೆ. ನಿಮ್ಮ ತೋಟದ ಗೇಟು ನೆನಪಿಸಿಕೊಳ್ಳಿ. ನಾಲ್ಕು ಪಟ್ಟಿ ಚೌಕ ಬಡಿದರೆ ಎರಡೇ ವರ್ಷಕ್ಕೆ ಜೋಲು ಬೀಳುತ್ತದೆ. ಮೂಲೆಯಿಂದ ಮೂಲೆಗೆ ಒಂದು ಪಟ್ಟಿ ಹೊಡೆಯಿರಿ, ಅಲ್ಲಾಡುವುದಿಲ್ಲ. ಚೌಕ ವಾಲುತ್ತದೆ, ತ್ರಿಕೋಣ ವಾಲುವುದಿಲ್ಲ. ಆ ಕತ್ತರಿ ಪಟ್ಟಿಯೇ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಅಟ್ಟವನ್ನು ಹೊತ್ತು ನಿಂತ ತೊಲೆ. ಬೇರೆಯವರಾದರೆ ಅದಕ್ಕೆ ಹಲಗೆ ಮುಚ್ಚಿ ಬಣ್ಣ ಬಳಿಯುತ್ತಿದ್ದರು. ಲೀಚ್ ಹಾಗೇ ಬಿಟ್ಟ. ನನಗೆ ಆತ ಇಷ್ಟವಾಗುವುದು ಇಲ್ಲೇ.

(ಕರೆಂಟು ಬಂತು.)

ಈ ಚಿತ್ರ ನೋಡಿ. ಇದು ನಾಲ್ಕನೆಯ ಬದಿ, ಗ್ಲ್ಯಾಡಿಸ್ ಸ್ಟ್ರೀಟ್, 1938. ಇದು ಮುಗಿದಾಗ ನಾಲ್ಕೂ ಕಡೆ ಎರಡಂತಸ್ತು ಇರುವ ಬ್ರಿಟನ್ನಿನ ಮೊದಲ ಸ್ಟೇಡಿಯಂ ಅಂತ ಹೆಸರಾಯಿತು. ರಾಜ ರಾಣಿ ಬಂದು ನೋಡಿಕೊಂಡು ಹೋದರು. ಕೆಲಸ ಮಾತ್ರ ತಡವಾಗಿತ್ತು. ಕಾರಣ, ಒಬ್ಬ ಮುದುಕ ತನ್ನ ಮನೆ ಬಿಟ್ಟು ಏಳಲಿಲ್ಲವಂತೆ. ಶರಾವತಿ ಕಣಿವೆಯಿಂದ ಎದ್ದು ಬಂದ ಮನೆತನದವರು ಈ ಸಭೆಯಲ್ಲೇ ಇದ್ದೀರಿ. ಆ ಮುದುಕನ ಬಗ್ಗೆ ನಿಮಗೆ ನಾನೇನು ಹೇಳಲಿ.

ಚಿತ್ರದ ಈ ಮೂಲೆ ನೋಡಿ, ಎರಡು ಸ್ಟ್ಯಾಂಡು ಕೂಡಬೇಕಾದ ಜಾಗ. ಅಲ್ಲಿ ಸ್ಟ್ಯಾಂಡ್ ಇಲ್ಲ, ಒಂದು ಚರ್ಚ್ ಇದೆ. ಸೇಂಟ್ ಲ್ಯೂಕ್ ಚರ್ಚು. ಸ್ಟೇಡಿಯಂ ಅದರ ಮೈಗೆ ಮೈ ತಾಗಿಸಿಕೊಂಡು ಬೆಳೆದಿದೆ. ಪ್ರಾರ್ಥನೆಗೆ ಅಡ್ಡಿಯಾಗಬಾರದು ಅಂತ ಭಾನುವಾರ ಬೆಳಗಿನ ಹೊತ್ತು ಆಟ ಇಡುತ್ತಿರಲಿಲ್ಲ. ಹಿಂದೆ ಚರ್ಚಿನ ಮಾಡು ಹತ್ತಿ ಪುಕ್ಕಟೆ ಆಟ ನೋಡುವವರಿದ್ದರಂತೆ. ಹೊಸ ಸ್ಟೇಡಿಯಂಗಳಲ್ಲಿ ಇಂಥ ಮೂಲೆ ಸಿಗುವುದಿಲ್ಲ. ಅವು ಒಂದೇ ನಕ್ಷೆಯಿಂದ ಹುಟ್ಟಿದವು, ಬಟ್ಟಲಿನ ಹಾಗೆ ನುಣ್ಣಗೆ ಇರುತ್ತವೆ. ಗುಡಿಸನ್ ನಮ್ಮ ಹಳೆ ಮನೆಯಂತೆ ಬೆಳೆದದ್ದು. ಅಜ್ಜ ನಡುಮನೆ ಕಟ್ಟಿದ. ಅಪ್ಪ ಜಗಲಿ ಇಳಿಸಿದ. ಅಣ್ಣ ಬಚ್ಚಲಿಗೆ ಸಿಮೆಂಟು ಹಾಕಿಸಿದ. ಯಾವ ಕೋಣೆ ಯಾವ ವರ್ಷದ ದುಡ್ಡಿನದು, ಯಾವ ಜಗಳದ್ದು ಅಂತ ಗೋಡೆ ನೋಡಿ ಹೇಳಬಹುದು.

ಮೈದಾನದ ಹುಲ್ಲಿನದೂ ಒಂದು ಕಥೆ ಇದೆ, ನಗುವಂಥದ್ದು. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಆಟ ನಿಲ್ಲುತ್ತಿತ್ತು. 1958ರಲ್ಲಿ ಇಂಗ್ಲೆಂಡಿನಲ್ಲೇ ಮೊದಲು ಅನ್ನುವಂತೆ ಹುಲ್ಲಿನಡಿ ಕರೆಂಟಿನ ತಂತಿ ಹಾಸಿ ನೆಲ ಬಿಸಿ ಮಾಡಿದರು. ಅದು ಎಣಿಸಿದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಹಿಮ ಎಲ್ಲ ಕರಗಿತು. ಕರಗಿದ ನೀರು ಎಲ್ಲಿಗೆ ಹೋಗಬೇಕು? ಚರಂಡಿ ಸಾಲಲಿಲ್ಲ. 1960ರಲ್ಲಿ ಪೂರ್ತಿ ಅಗೆದು, ಬಸಿಗಾಲುವೆ ಸರಿ ಮಾಡಿ, ಹುಲ್ಲು ಮತ್ತೆ ಹಾಕಬೇಕಾಯಿತು. ತೋಟಕ್ಕೆ ಬಸಿಗಾಲುವೆ ಮೊದಲು ತೆಗಿ, ಗಿಡ ಆಮೇಲೆ ನೆಡು ಅಂತ ನಮ್ಮ ಯಾವ ಕೃಷಿಕನನ್ನು ಕೇಳಿದ್ದರೂ ಹೇಳುತ್ತಿದ್ದ.

ಆಟದ ದೊಡ್ಡ ದಿನಗಳನ್ನು ಬೇಗ ಹೇಳಿಬಿಡುತ್ತೇನೆ. ಡಿಕ್ಸಿ ಡೀನ್ 1927-28ರಲ್ಲಿ ಒಂದೇ ಲೀಗ್ ಸೀಸನ್ನಿನಲ್ಲಿ 60 ಗೋಲು ಹೊಡೆದದ್ದು ಎವರ್ಟನ್ನಿಗೆ. 1980ರಲ್ಲಿ ಅದೇ ಸ್ಟೇಡಿಯಂನಲ್ಲಿ ಲಿವರ್‌ಪೂಲ್ ಮೇಲಿನ ಆಟ ನೋಡುತ್ತಾ ಜೀವ ಬಿಟ್ಟ. 1948ರಲ್ಲಿ ಅದೇ ಲಿವರ್‌ಪೂಲ್ ಮೇಲಿನ ಆಟಕ್ಕೆ 78,299 ಜನ ಸೇರಿದ್ದರು. 1966ರ ವಿಶ್ವಕಪ್ಪಿನ ಐದು ಆಟ ಇಲ್ಲೇ ನಡೆದವು. ಉತ್ತರ ಕೊರಿಯಾ ಪೋರ್ಚುಗಲ್ ಮೇಲೆ 3-0 ಮುಂದಿತ್ತು. ಯೂಸೇಬಿಯೋ ಒಬ್ಬನೇ ನಾಲ್ಕು ಗೋಲು ಹೊಡೆದು ಪೋರ್ಚುಗಲ್ಲನ್ನು 5-3ರಿಂದ ಗೆಲ್ಲಿಸಿದ. ಆ ಆಟದ ಬಗ್ಗೆಯೇ ಒಂದು ಸಂಜೆ ಮಾತಾಡಬಹುದು, ನನಗಿಂತ ಚೆನ್ನಾಗಿ ಮಾತಾಡುವವರು ಇದ್ದಾರೆ.

ಹಳೆಯದನ್ನು ಸುಮ್ನೆ ಹೊಗಳುತ್ತಾ ಕೂರಬಾರದು. ಮರದ ಸ್ಟ್ಯಾಂಡು ಚಂದ, ಆದರೆ ಅದು ಕೊಂದದ್ದೂ ಇದೆ. 1985ರ ಮೇ 11ರಂದು ಬ್ರಾಡ್‌ಫರ್ಡ್ ಊರಿನ ಸ್ಟೇಡಿಯಂನಲ್ಲಿ ಹಳೆಯ ಮರದ ಸ್ಟ್ಯಾಂಡಿಗೆ ಬೆಂಕಿ ಬಿತ್ತು. ಹಲಗೆಗಳ ಸಂದಿಯಿಂದ ಕೆಳಗೆ ಬಿದ್ದ ಕಾಗದ, ಕಸ ವರ್ಷಗಟ್ಟಲೆ ಅಲ್ಲೇ ಉಳಿದಿತ್ತು. ಅದರ ಮೇಲೆ ಒಂದು ಕಿಡಿ. ಕೊಟ್ಟಿಗೆಯ ಮೂಲೆಯಲ್ಲಿ ರಾಶಿ ಹಾಕಿದ ದರಗಿಗೆ ಬೆಂಕಿ ಹತ್ತಿದರೆ ಎಷ್ಟು ಹೊತ್ತು ಬೇಕು, ನೀವು ಕಂಡಿದ್ದೀರಿ. ಕೆಲವೇ ನಿಮಿಷದಲ್ಲಿ ಇಡೀ ಸ್ಟ್ಯಾಂಡು ಉರಿಯಿತು. 56 ಜನ ಹೋದರು. ನಾಲ್ಕು ವರ್ಷಕ್ಕೆ, 1989ರ ಏಪ್ರಿಲ್ 15ರಂದು ಹಿಲ್ಸ್‌ಬರೋ ಅನ್ನುವ ಸ್ಟೇಡಿಯಂನಲ್ಲಿ ನೂಕುನುಗ್ಗಲು. ಅದರ ಸಾವಿನ ಲೆಕ್ಕ ಈಗ 97. ಆಮೇಲೆ ದೊಡ್ಡ ಕ್ಲಬ್ಬುಗಳ ಸ್ಟೇಡಿಯಂನಲ್ಲಿ ಎಲ್ಲರಿಗೂ ಸೀಟು ಇರಲೇಬೇಕು ಅಂತಾಯಿತು. ನಿಲ್ಲುವ ಜಾಗಗಳೆಲ್ಲ ಹೋದವು. ಗುಡಿಸನ್ನಿನ ಮಾರಿಟೇನಿಯಾ ಅದಕ್ಕೂ ಮೊದಲೇ, 1970ರ ಹೊತ್ತಿಗೆ ಹೋಗಿ ಮೂರಂತಸ್ತಿನ ಹೊಸದು ಬಂದಿತ್ತು. 1994ರಲ್ಲಿ ಇನ್ನೊಂದು ಬದಿಯೂ ಹೊಸದಾಯಿತು. 78 ಸಾವಿರ ಹಿಡಿದ ಜಾಗದಲ್ಲಿ ಕೊನೆಗೆ ಕೂರುತ್ತಿದ್ದದ್ದು 39 ಸಾವಿರ ಚಿಲ್ಲರೆ. ಲೀಚನದು ಅಂತ ಉಳಿದದ್ದು ಎರಡು ಬದಿ, ಬುಲೆನ್ಸ್ ರೋಡ್ ಮತ್ತು ಗ್ಲ್ಯಾಡಿಸ್ ಸ್ಟ್ರೀಟ್.

ಈಗ ನಾನು ಇಲ್ಲಿಗೆ ತಂದ ಮುಖ್ಯ ಕಥೆ. ಇದಕ್ಕಾಗಿಯೇ ಈ ಸ್ಟೇಡಿಯಂ ಆರಿಸಿಕೊಂಡೆ.

1920, ಡಿಸೆಂಬರ್ 26. ಕ್ರಿಸ್‌ಮಸ್ ಮರುದಿನ. ಗುಡಿಸನ್ನಿನಲ್ಲಿ 53,000 ಜನ. ಬಾಗಿಲು ಹಾಕಿದ ಮೇಲೂ ಹೊರಗೆ ಸಾವಿರಾರು ಜನ ಉಳಿದರು. ಆಡುತ್ತಿದ್ದವರು ಹೆಂಗಸರು! ಡಿಕ್ ಕೆರ್ ಅಂತ ಪ್ರೆಸ್ಟನ್ ಊರಿನ ಒಂದು ಕಾರ್ಖಾನೆ. ಮೊದಲನೇ ಮಹಾಯುದ್ಧದಲ್ಲಿ ಗಂಡಸರು ಹೋದಾಗ ಅಲ್ಲಿ ಮದ್ದುಗುಂಡು ತಯಾರಿಸಿದ ಹೆಣ್ಣುಮಕ್ಕಳು ಊಟದ ಬಿಡುವಿನಲ್ಲಿ ಚೆಂಡು ಒದ್ದು ಒದ್ದು ಟೀಮು ಕಟ್ಟಿಕೊಂಡಿದ್ದರು. ಎದುರಾಳಿ ಸೇಂಟ್ ಹೆಲೆನ್ಸಿನ ಹೆಂಗಸರ ತಂಡ. ಡಿಕ್ ಕೆರ್ ತಂಡದ ಮುಖ್ಯ ಗೋಲುಗಾರ್ತಿ ಫ್ಲಾರಿ ರೆಡ್‌ಫರ್ಡ್ ಅವತ್ತು ರೈಲು ತಪ್ಪಿಸಿಕೊಂಡಳು. ಕ್ಯಾಪ್ಟನ್ ಆಲಿಸ್ ಕೆಲ್ ತಾನೇ ಮುಂದಕ್ಕೆ ಬಂದು ಮೂರು ಗೋಲು ಹೊಡೆದಳು. 4-0. ಬಂದ ದುಡ್ಡು 3,000 ಪೌಂಡಿಗೂ ಜಾಸ್ತಿ. ಅದು ಹೋದದ್ದು ಯುದ್ಧದಿಂದ ಬಂದ ಸೈನಿಕರ ನೆರವಿಗೆ.

ಒಂದು ವರ್ಷ ತುಂಬುವುದರೊಳಗೆ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಒಂದು ಠರಾವು ಮಾಡಿತು. ಈ ಆಟ ಹೆಂಗಸರಿಗೆ ತಕ್ಕದ್ದಲ್ಲ, ಉತ್ತೇಜನ ಕೊಡಬಾರದು, ನಮ್ಮ ಕ್ಲಬ್ಬುಗಳು ಅವರಿಗೆ ಮೈದಾನ ಕೊಡಬಾರದು. ಅಷ್ಟೇ. ಆಡಬೇಡಿ ಅಂತ ನೇರವಾಗಿ ಹೇಳಲಿಲ್ಲ. ಮನೆಯಿಂದ ಹೊರಹಾಕುವುದಿಲ್ಲ, ಅಡಿಗೆಮನೆಗೆ ಬೀಗ ಹಾಕುತ್ತೇನೆ ಅಂದ ಹಾಗೆ. ಆ ಬೀಗ ತೆಗೆಯಲು 1970ರ ಆಸುಪಾಸು ಬರಬೇಕಾಯಿತು. ಸುಮಾರು 50 ವರ್ಷ.

2025ರ ಮೇ 18ರಂದು ಎವರ್ಟನ್ ಗಂಡಸರ ತಂಡ ಗುಡಿಸನ್ನಿನಲ್ಲಿ ಕೊನೆಯ ಆಟ ಆಡಿತು. ಸೌತಾಂಪ್ಟನ್ ಮೇಲೆ 2-0. ಹಡಗುಕಟ್ಟೆಯ ಹತ್ತಿರ 52 ಸಾವಿರಕ್ಕೂ ಹೆಚ್ಚು ಜನ ಕೂರುವ ಹೊಸ ಸ್ಟೇಡಿಯಂ ಸಿದ್ಧವಾಗಿತ್ತು. ಅಲ್ಲಿ ಕಂಬದ ಕಾಟ ಇಲ್ಲ. ಹಳೆಯದನ್ನು ಕೆಡವುವ ಯೋಜನೆಯೇ ಇತ್ತು. ತೀರಿಹೋದ ನೂರಾರು ಅಭಿಮಾನಿಗಳ ಬೂದಿಯನ್ನು ಆ ಮೈದಾನದ ಅಂಚಿನಲ್ಲಿ ಹೂತಿದ್ದಾರೆ. ಜಾಗ ಸಾಲದೆ 2004ರಲ್ಲಿ ನಿಲ್ಲಿಸಿದರು. ಅಂಥ ಜಾಗಕ್ಕೆ ಬುಲ್ಡೋಜರ್ ಬಿಡುವುದು ಹೇಗೆ? ಕೊನೆಗೆ ಕ್ಲಬ್ಬು ಮನಸ್ಸು ಬದಲಿಸಿತು. ಸ್ಟೇಡಿಯಂ ಉಳಿಯಿತು. ಈಗ ಅದು ಎವರ್ಟನ್ ಹೆಂಗಸರ ತಂಡದ ಮನೆ. 1921ರಲ್ಲಿ ಯಾರಿಗೆ ಬಾಗಿಲು ಹಾಕಿದ್ದರೋ ಅವರ ಕೈಗೇ ಬೀಗದ ಕೈ ಬಂತು.

ಇಲ್ಲಿಗೆ ನಿಲ್ಲಿಸಿದೆ. ಚಪ್ಪಾಳೆ ಬಿತ್ತು. ನನಗೂ ಚೆನ್ನಾಗೇ ಹೇಳಿದೆ ಅನ್ನಿಸಿತ್ತು. ಆಮೇಲೆ ಪ್ರಶ್ನೆಗಳು.

ಹಿಂದಿನ ಸಾಲಿನಲ್ಲಿ ಹಿರಿಯ ಆಚಾರ್ರು ಒಬ್ಬರು ಎದ್ದರು. ಮರಗೆಲಸ ಅವರದು. "ಸ್ವಾಮಿ, ಆ ಐಬ್ರಾಕ್ಸಿನಲ್ಲಿ ಕೆಂಪು ಮರ ಹಾಕಿದ್ರೂ ಅದು ಮುರೀತಿತ್ತು" ಅಂದರು. ಯಾಕೆ ಅಂದೆ. "ಅಡಿಕೆ ಮೂಟೆ ಅಟ್ಟದ ಮೇಲೆ ಇಟ್ರೆ ಇಟ್ಟ ಜಾಗದಲ್ಲೇ ಇರ್ತದೆ. ಜನ ಹಾಗಲ್ಲ, ಕುಣೀತಾರೆ. ಎಲ್ಲರೂ ಒಂದೇ ಕಡೆ ವಾಲ್ತಾರೆ. ಕುಣಿಯೋ ಭಾರಕ್ಕೆ ಜಂತೆ ಹತ್ತಿರ ಹತ್ತಿರ ಹಾಕ್ಬೇಕು. ಮರದ್ದು ಆಮೇಲಿನ ಮಾತು." ನಾವು ಕಾಲೇಜಿನಲ್ಲಿ ಒಂದು ಅಧ್ಯಾಯವೇ ಓದಿದ್ದನ್ನು ಅವರು ನಾಲ್ಕು ಮಾತಿನಲ್ಲಿ ಹೇಳಿ ಕೂತರು.

ಕೊನೆಗೆ ಒಬ್ಬಳು ಹುಡುಗಿ. ಫುಟ್‌ಬಾಲ್ ಜೆರ್ಸಿಯಲ್ಲೇ ಬಂದಿದ್ದಳು, ಕಾಲಿಗೆ ಇನ್ನೂ ಕೆಸರಿತ್ತು.

"ಸರ್, ನಮ್ ಹುಡುಗಿಯರ ಟೀಮಿಗೆ ಗ್ರೌಂಡ್ ಸಿಗೋದು ಹುಡುಗರು ಆಡಿ ಮುಗಿಸಿದ ಮೇಲೆ. ಅಷ್ಟೊತ್ತಿಗೆ ಕತ್ತಲಾಗಿರುತ್ತೆ. ಅಲ್ಲೂ ಹಾಗೇ ಆಯ್ತಲ್ವಾ? ಗಂಡಸರಿಗೆ ಹೊಸದು ಸಿಕ್ಕಿದ ಮೇಲೆ ಹಳೇದನ್ನ ಇವರಿಗೆ ಕೊಟ್ಟಿದ್ದು?"

ಸಭೆ ನಕ್ಕಿತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬೀಗದ ಕೈ ಅಂತ ಅಷ್ಟು ಚಂದ ಮಾಡಿ ಮುಗಿಸಿದ್ದೆ. "ಹೌದಮ್ಮಾ, ಹಾಗೂ ಹೇಳಬಹುದು" ಅಂದೆ.

ಅವಳು ಕೂತವಳು ಮತ್ತೆ ಎದ್ದಳು. ಚಿತ್ರ ಇನ್ನೂ ಪರದೆಯ ಮೇಲಿತ್ತು.

"ಆದ್ರೂ ಸರ್, ನಾಲ್ಕೂ ಕಡೆ ಮಾಡು ಇದೆ. ನಮ್ಗೆ ಒಂದು ಕಡೆ ಇದ್ರೂ ಸಾಕಿತ್ತು. ಕಂಬ ಎಷ್ಟು ಬೇಕಾದ್ರೂ ಇರ್ಲಿ."